ಫ್ರೆಶ್‌ಆರ್‌ಎಸ್‌ಎಸ್‌ನಲ್ಲಿ ಫೀಡ್ ಅಪ್ಡೇಟ್ ಮತ್ತು ಫಿಲ್ಟರ್: ಕನ್ನಡ ಸುದ್ದಿ ಓದೋರಿಗೆ ಸಮಗ್ರ ಮಾರ್ಗದರ್ಶಿ

ಸ್ವಂತ ಸರ್ವರಲ್ಲಿ ನ್ಯೂಸ್ ರೀಡರ್ (ಬೇರೆ ಬೇರೆ ಸೈಟುಗಳ ಹೊಸ ಲೇಖನಗಳನ್ನ ಒಂದೇ ಕಡೆ ತಂದು ತೋರಿಸೋ ತಂತ್ರಾಂಶ) ಹಾಕ್ಕೊಂಡೋರು ಅದನ್ನ ಅರ್ಧಕ್ಕೆ ಬಿಟ್ಟುಬಿಡೋಕೆ ನಾನು ನೋಡಿದ ಹಾಗೆ ಎರಡೇ ಕಾರಣ. ಒಂದು, ಫೀಡುಗಳು, ಅಂದ್ರೆ ಸೈಟುಗಳು ಕೊಡೋ ಹೊಸ ಲೇಖನಗಳ ಪಟ್ಟಿಗಳು, ತಾವಾಗೇ ಅಪ್ಡೇಟ್ ಆಗ್ತಿರಲ್ಲ, ತೆರೆದಾಗೆಲ್ಲ ನಿನ್ನೆಯ ಸುದ್ದಿನೇ ಕೂತಿರುತ್ತೆ. ಇನ್ನೊಂದು ಇದರ ಉಲ್ಟಾ, ಎಲ್ಲಾನೂ ಬರುತ್ತೆ, ದಿನ ಭವಿಷ್ಯ, ಚಿನ್ನದ ರೇಟು, ರಿಯಾಲಿಟಿ ಶೋ, ಎಲ್ಲಾ ಸೇರಿ ಓದದೇ ಇರೋ ಲೆಕ್ಕ ಸಾವಿರ ದಾಟಿದ ಮೇಲೆ ಆ ಕಡೆ ಹೋಗೋಕೇ ಮನಸ್ಸಾಗಲ್ಲ. ಎರಡನ್ನೂ ಸರಿ ಮಾಡ್ಬಹುದು, ಕಷ್ಟ ಏನಿಲ್ಲ, ಆದ್ರೆ ಎರಡೂ ಕೆಲಸ ಒಂದೊಂದು ಫೀಡಿನ ಸ್ವಭಾವ ನೋಡ್ಕೊಂಡೇ ಮಾಡ್ಬೇಕು, ಎಲ್ಲಕ್ಕೂ ಒಂದೇ ಸೆಟ್ಟಿಂಗ್ ಹಾಕಿ ಕೈ ತೊಳ್ಕೊಂಡ್ರೆ ಆಗಲ್ಲ. ಅದರಲ್ಲೂ ಕನ್ನಡಕ್ಕೆ ಫಿಲ್ಟರ್ ಬರೆಯೋದರಲ್ಲಿ ಇಂಗ್ಲಿಷ್ ಗೈಡುಗಳು ಹೇಳದೇ ಇರೋ ಕೆಲವು ವಿಷಯ ಇದಾವೆ, ಅದನ್ನ ಇಲ್ಲಿ ಬಿಡಿಸಿ ಬರೀತೀನಿ.

ನಾನು ಇಲ್ಲಿ ತಗೊಂಡಿರೋದು ಫ್ರೆಶ್‌ಆರ್‌ಎಸ್‌ಎಸ್. ಪಿಎಚ್‌ಪಿಯಲ್ಲಿ ಬರೆದಿರೋ ಮುಕ್ತ ತಂತ್ರಾಂಶ, ಎಜಿಪಿಎಲ್ ಲೈಸೆನ್ಸು. 2013ರ ಜುಲೈ 1ಕ್ಕೆ ಗೂಗಲ್ ರೀಡರ್ ಬಾಗಿಲು ಹಾಕಿದ ಮೇಲೆ ಜನ ಹುಡುಕ್ಕೊಂಡು ಹೋದ ರೀಡರುಗಳಲ್ಲಿ ಇದೂ ಒಂದು, ಇವತ್ತಿಗೂ ಚೆನ್ನಾಗಿ ಬೆಳೀತಿದೆ. ದೊಡ್ಡ ಮಷೀನ್ ಏನೂ ಬೇಡ. ಮೊದಲ ತಲೆಮಾರಿನ ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್ ಮೇಲೆ 150 ಫೀಡು, 22 ಸಾವಿರ ಲೇಖನ ಇಟ್ಕೊಂಡು ಟೆಸ್ಟ್ ಮಾಡಿದಾಗ ಪೇಜು ಒಂದು ಸೆಕೆಂಡಿನೊಳಗೇ ತೆರೀತು ಅಂತ ಪ್ರಾಜೆಕ್ಟಿನವರೇ ಹೇಳ್ಕೊಂಡಿದಾರೆ. ಒಬ್ಬರೇ ಬಳಸೋದಾದ್ರೆ ಡೇಟಾಬೇಸ್ ಎಸ್‌ಕ್ಯೂಲೈಟ್ ಸಾಕು, ಮನೆಮಂದಿ ಎಲ್ಲಾ ಸೇರಿ ನೂರಾರು ಫೀಡ್ ಹಾಕ್ತೀರಾ ಅಂದ್ರೆ ಪೋಸ್ಟ್‌ಗ್ರೆಸ್ ಅಥವಾ ಮಾರಿಯಾಡಿಬಿ ತಗೊಳ್ಳಿ. ಇನ್‌ಸ್ಟಾಲ್ ಆಗಿದೆ, ಲಾಗಿನ್ ಆಗ್ತಿದೆ ಅನ್ಕೊಂಡು ಅಲ್ಲಿಂದ ಶುರು ಮಾಡ್ತೀನಿ.

ಅಪ್ಡೇಟ್ ಆಗೋದು ಹೇಗೆ

ಮೊದಲು ಇದು ತಲೆಯಲ್ಲಿರಲಿ. ಫೀಡ್ ಅಂದ್ರೆ ವೆಬ್‌ಸೈಟಿನವರು ಇಟ್ಟಿರೋ ಒಂದು ಫೈಲು, ಅದರಲ್ಲಿ ಇತ್ತೀಚಿನ ಕೆಲವು ಲೇಖನಗಳ ಹೆಡ್‌ಲೈನು, ಲಿಂಕು, ಸ್ವಲ್ಪ ಅಥವಾ ಪೂರ್ತಿ ಬರಹ ಇರುತ್ತೆ, ಅಷ್ಟೇ. ಸಾಮಾನ್ಯವಾಗಿ ಸೈಟು ತಾನಾಗಿ ನಿಮಗೆ ಏನೂ ಕಳಿಸಲ್ಲ. ನಿಮ್ಮ ರೀಡರೇ ಹೋಗಿ ಆ ಫೈಲ್ ತಂದು, ಹೊಸದೇನಿದೆ ನೋಡಿ, ಡೇಟಾಬೇಸಿಗೆ ಹಾಕ್ಬೇಕು. ವೆಬ್‌ಸಬ್ ಅನ್ನೋ ವ್ಯವಸ್ಥೆ ಇರೋ ಕೆಲವು ಸೈಟುಗಳು ಮಾತ್ರ ಹೊಸದು ಬಂದ ಕೂಡಲೇ ತಳ್ಳುತ್ತವೆ, ಫ್ರೆಶ್‌ಆರ್‌ಎಸ್‌ಎಸ್ ಅದನ್ನ ಸಪೋರ್ಟ್ ಮಾಡುತ್ತೆ, ಆದ್ರೆ ಅದಕ್ಕೆ ನಿಮ್ಮ ಸರ್ವರ್ ಇಂಟರ್ನೆಟ್ಟಿಗೆ ತೆರೆದಿರ್ಬೇಕು, ಮನೆ ವೈಫೈ ಒಳಗೇ ಇಟ್ಕೊಂಡೋರಿಗೆ ಅದು ಸಿಗಲ್ಲ.

ಹಾಗಾಗಿ ಆಗಾಗ ಯಾರೋ ರೀಡರನ್ನ ಎಬ್ಬಿಸ್ಬೇಕು. ಬ್ರೌಸರಲ್ಲಿ ರಿಫ್ರೆಶ್ ಬಟನ್ ಒತ್ತಿದ್ರೂ ಆಗುತ್ತೆ, ಆದ್ರೆ ಎಲ್ಲಾ ಫೀಡ್ ಮುಗಿಯೋವರೆಗೂ ಆ ಪೇಜ್ ತೆರೆದಿಟ್ಟು ಕೂತಿರ್ಬೇಕು. ಸರಿಯಾದ ದಾರಿ ಕ್ರಾನ್, ಅಂದ್ರೆ ಹೇಳಿದ ಹೊತ್ತಿಗೆ ಸರಿಯಾಗಿ ಒಂದು ಕೆಲಸವನ್ನ ತಾನಾಗೇ ಓಡಿಸೋ ಸರ್ವರಿನ ಸೌಲಭ್ಯ.

ಡಾಕರಲ್ಲಿ (ಬೇಕಾದ್ದೆಲ್ಲಾ ಸೇರಿಸಿ ಕಟ್ಟಿದ ಇಮೇಜಿಂದ, ಕಂಟೇನರ್ ಅನ್ನೋ ಪ್ರತ್ಯೇಕ ಡಬ್ಬಿಯೊಳಗೆ ತಂತ್ರಾಂಶ ಓಡಿಸೋ ವ್ಯವಸ್ಥೆ) ಓಡಿಸ್ತಿದ್ರೆ ಇದು ಎಲ್ಲಕ್ಕಿಂತ ಸುಲಭ, ಯಾಕಂದ್ರೆ ಅಧಿಕೃತ ಇಮೇಜಿನ ಒಳಗೇ ಕ್ರಾನ್ ಇದೆ. ಕಂಪೋಸ್ ಫೈಲಿನ (ಡಾಕರಿಗೆ ಸೆಟ್ಟಿಂಗ್ ಬರೆದಿಡೋ ಫೈಲು) ಎನ್ವಿರಾನ್ಮೆಂಟ್ ಭಾಗದಲ್ಲಿ ಕ್ರಾನ್_ಮಿನ್ ಅನ್ನೋ ವೇರಿಯಬಲ್ ಹಾಕಿ, ಎಲ್ಲಾ ಇಂಗ್ಲಿಷ್ ದೊಡ್ಡಕ್ಷರದಲ್ಲಿ, ನಡುವೆ ಅಂಡರ್‌ಸ್ಕೋರ್. ಅದಕ್ಕೆ 13,43 ಅಂತ ಕೊಟ್ರೆ ಪ್ರತಿ ಗಂಟೆಯ 13ನೇ ನಿಮಿಷಕ್ಕೂ 43ನೇ ನಿಮಿಷಕ್ಕೂ ಅಪ್ಡೇಟ್ ಓಡುತ್ತೆ. ಸೊನ್ನೆ ಮತ್ತು 30 ಹಾಕ್ಬೇಡಿ ದಯವಿಟ್ಟು. ಜಗತ್ತಿನ ಕ್ರಾನುಗಳೆಲ್ಲ ಗಂಟೆ ಹೊಡೆದ ಕೂಡಲೇ ಎದ್ದು ಎಲ್ಲಾ ಸೈಟುಗಳ ಮೇಲೂ ಒಟ್ಟಿಗೇ ಬೀಳ್ತವೆ, ಆ ಗಲಾಟೆಯಿಂದ ಹೊರಗಿದ್ರೆ ನಿಮಗೂ ಬೇಗ ಸಿಗುತ್ತೆ, ಅವರಿಗೂ ಹಗುರ. ಅದರ ಜೊತೆಗೇ ಟೈಮ್‌ಝೋನಿನ ವೇರಿಯಬಲ್ಲಿಗೆ ಏಷ್ಯಾ/ಕೋಲ್ಕತಾ ಕೊಡಿ, ಇಲ್ಲದಿದ್ರೆ ಲಾಗ್ ಫೈಲಲ್ಲಿ (ಏನೇನಾಯ್ತು ಅಂತ ಬರೆದಿಡೋ ದಾಖಲೆ) ಕಾಣೋ ಸಮಯ ಐದೂವರೆ ಗಂಟೆ ಹಿಂದೆ ಇರುತ್ತೆ, ಎಡವಟ್ಟು ಹುಡುಕುವಾಗ ತಲೆ ಕೆಡುತ್ತೆ. ಗಲ್ಫಲ್ಲೋ ಅಮೆರಿಕದಲ್ಲೋ ಇರೋರು ನಿಮ್ಮೂರಿನದ್ದು ಹಾಕ್ಕೊಳ್ಳಿ. ಬದಲಾಯಿಸಿದ ಮೇಲೆ ಕಂಟೇನರನ್ನ ಬರೀ ರೀಸ್ಟಾರ್ಟ್ ಮಾಡಿದ್ರೆ ಹೊಸ ವೇರಿಯಬಲ್ ಬರಲ್ಲ, ಕಂಪೋಸಿಂದ ಮತ್ತೆ ಅಪ್ ಕೊಟ್ಟು ಹೊಸದಾಗಿ ಸೃಷ್ಟಿ ಆಗೋ ಹಾಗೆ ನೋಡ್ಕೊಳ್ಳಿ.

ಡಾಕರ್ ಇಲ್ಲದೇ ನೇರವಾಗಿ ಡೆಬಿಯನ್ ಅಥವಾ ಉಬುಂಟುವಿನ ಮೇಲೆ ಹಾಕಿದ್ರೆ, ಫ್ರೆಶ್‌ಆರ್‌ಎಸ್‌ಎಸ್ ಫೋಲ್ಡರಿನ ಒಳಗೆ ಆ್ಯಪ್ ಅನ್ನೋ ಫೋಲ್ಡರಲ್ಲಿ ಆ್ಯಕ್ಚುವಲೈಜ಼್ ಸ್ಕ್ರಿಪ್ಟ್ ಅನ್ನೋ ಪಿಎಚ್‌ಪಿ ಫೈಲಿದೆ, ಅದನ್ನ ಕ್ರಾನಿಂದ ಓಡಿಸ್ಬೇಕು. ಇಲ್ಲಿ ಒಂದೇ ಒಂದು ವಿಷಯ ಗಟ್ಟಿಯಾಗಿ ಹೇಳ್ಬೇಕು: ರೂಟ್ (ಎಲ್ಲಾ ಅಧಿಕಾರ ಇರೋ ಯೂಸರ್) ಆಗಿ ಓಡಿಸ್ಬೇಡಿ, ವೆಬ್ ಸರ್ವರಿನ ಯೂಸರ್ ಆಗಿ, ಅಂದ್ರೆ ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ ಆಗಿ ಓಡಿಸಿ. ರೂಟ್ ಆಗಿ ಓಡಿಸಿದ್ರೆ ಕ್ಯಾಶ್ ಮತ್ತು ಲಾಗ್ ಫೈಲುಗಳ ಒಡೆತನ ರೂಟಿಗೆ ಹೋಗುತ್ತೆ, ಆಮೇಲೆ ವೆಬ್ ಕಡೆಯಿಂದ ಬರೆಯೋಕೆ ಹೋದಾಗ ಪರ್ಮಿಷನ್ ಇಲ್ಲ ಅಂತ ನಿಂತ್ಬಿಡುತ್ತೆ, ಎಲ್ಲಾ ಸರಿ ಇದ್ದ ಹಾಗೇ ಕಾಣುತ್ತೆ ಆದ್ರೆ ಅಪ್ಡೇಟ್ ಆಗಲ್ಲ. ಕ್ರಾನ್‌ಗೆ ಹಾಕೋ ಮೊದಲು ಅದೇ ಕಮಾಂಡನ್ನ ಸುಡೋ ಮೂಲಕ ಆ ಯೂಸರ್ ಹೆಸರಲ್ಲಿ ಒಂದ್ಸಲ ಕೈಯಾರೆ ಓಡಿಸಿ ನೋಡಿ, ಎರರ್ ಇದ್ರೆ ಅಲ್ಲೇ ಕಣ್ಣಿಗೆ ಬೀಳುತ್ತೆ.

ಕ್ರಾನ್ ಸೌಲಭ್ಯವೇ ಕೊಡದ ಅಗ್ಗದ ಶೇರ್ಡ್ ಹೋಸ್ಟಿಂಗಲ್ಲಿ ಇದ್ರೆ, ಅಥೆಂಟಿಕೇಶನ್ ಪೇಜಲ್ಲಿ ಲಾಗಿನ್ ಇಲ್ಲದೇ ರಿಫ್ರೆಶ್ ಮಾಡೋಕೆ ಅನುಮತಿ ಕೊಡೋ ಆಯ್ಕೆ ಇದೆ, ಅದನ್ನ ಆನ್ ಮಾಡಿ ಹೊರಗಿನ ಯಾವುದಾದ್ರೂ ಆನ್‌ಲೈನ್ ಕ್ರಾನ್ ಸೇವೆಯಿಂದ ರಿಫ್ರೆಶ್ ವಿಳಾಸಕ್ಕೆ ಕರೆ ಹಾಕಿಸ್ಬಹುದು. ಓಡುತ್ತೆ, ಆದ್ರೆ ಫೀಡ್ ಜಾಸ್ತಿ ಇದ್ರೆ ಹೋಸ್ಟಿಂಗಿನವರ ಟೈಮ್ ಲಿಮಿಟ್ಟಿಗೆ ಸಿಕ್ಕಿ ಅರ್ಧದಲ್ಲೇ ನಿಲ್ಲೋ ಸಾಧ್ಯತೆ ಇದೆ.

ಎಷ್ಟು ಹೊತ್ತಿಗೊಮ್ಮೆ ತರಬೇಕು

ಕ್ರಾನ್ ಅರ್ಧ ಗಂಟೆಗೊಮ್ಮೆ ಓಡಿದ್ರೆ ಎಲ್ಲಾ ಫೀಡೂ ಅರ್ಧ ಗಂಟೆಗೊಮ್ಮೆ ಬರುತ್ತೆ ಅಂತಲ್ಲ. ಪ್ರತಿ ಫೀಡಿಗೂ ಇದಕ್ಕಿಂತ ಬೇಗ ತರಬೇಡ ಅನ್ನೋ ಒಂದು ಮಿತಿ ಇದೆ, ಡೀಫಾಲ್ಟ್ ಒಂದು ಗಂಟೆ. ಕ್ರಾನ್ ಎದ್ದಾಗ ಯಾವ ಫೀಡಿನ ಹೊತ್ತು ಬಂದಿದೆಯೋ ಅದನ್ನ ಮಾತ್ರ ತರುತ್ತೆ. ಎಲ್ಲಕ್ಕೂ ಸೇರಿದ ಮಿತಿ ಆರ್ಕೈವಿಂಗ್ ಪೇಜಲ್ಲಿದೆ, ಒಂದೊಂದು ಫೀಡಿಗೆ ಬೇರೆ ಬೇಕಾದ್ರೆ ಆ ಫೀಡಿನ ಸೆಟ್ಟಿಂಗಲ್ಲೇ ಬದಲಾಯಿಸ್ಬಹುದು. ನೀವು ಕೊಟ್ಟ ಅತಿ ಚಿಕ್ಕ ಮಿತಿಗಿಂತ ಕ್ರಾನ್ ಬೇಗ ಬೇಗ ಓಡ್ತಿರ್ಬೇಕು ಅನ್ನೋದಷ್ಟೇ ನಿಯಮ.

ಎಷ್ಟು ಕೊಡ್ಬೇಕು ಅನ್ನೋದನ್ನ ಬಾಯಿಗೆ ಬಂದ ಹಾಗೆ ಹೇಳೋಕಾಗಲ್ಲ, ಫೀಡ್ ಫೈಲಲ್ಲಿ ಎಷ್ಟು ಲೇಖನ ಇರುತ್ತೆ ಅನ್ನೋದರ ಮೇಲೆ ಲೆಕ್ಕ ಹಾಕ್ಬೇಕು. ವರ್ಡ್‌ಪ್ರೆಸ್ ಸೈಟುಗಳ ಫೀಡಲ್ಲಿ ಡೀಫಾಲ್ಟಾಗಿ ಇತ್ತೀಚಿನ 10 ಲೇಖನ ಮಾತ್ರ ಇರುತ್ತೆ, ಯೂಟ್ಯೂಬ್ ಚಾನೆಲ್ಲಿನ ಫೀಡಲ್ಲಿ 15 ವಿಡಿಯೋ. ಈಗ ವರ್ಡ್‌ಪ್ರೆಸ್ಸಲ್ಲಿರೋ ಒಂದು ಸುದ್ದಿ ಸೈಟು ಗಂಟೆಗೆ 12 ಸುದ್ದಿ ಹಾಕುತ್ತೆ ಅನ್ಕೊಳ್ಳಿ, ನೀವು ಎರಡು ಗಂಟೆಗೊಮ್ಮೆ ತಂದ್ರೆ 24ರಲ್ಲಿ 10 ಸಿಕ್ತು, ಉಳಿದ 14 ನಿಮ್ಮ ರೀಡರಿಗೆ ಗೊತ್ತೇ ಆಗದೇ ಫೀಡಿಂದ ಜಾರಿ ಹೋಯ್ತು, ಯಾವ ಎರರೂ ಬರಲ್ಲ. ಅಂಥ ಸೈಟಿಗೆ ಅರ್ಧ ಗಂಟೆಯ ಮಿತಿ ಬೇಕೇ ಬೇಕು, ಕ್ರಾನನ್ನೂ ಅದಕ್ಕಿಂತ ಬೇಗ ಓಡೋ ಹಾಗೆ ಬದಲಾಯಿಸಿ. ತಿಂಗಳಿಗೊಂದು ಬರೆಯೋ ಬ್ಲಾಗಿಗೆ ದಿನಕ್ಕೊಂದ್ಸಲ ಧಾರಾಳ. ಸಣ್ಣ ಬ್ಲಾಗುಗಳು ತಮ್ಮ ಜೇಬಿಂದ ಕಾಸು ಹಾಕಿ ಸೈಟ್ ನಡೆಸ್ತಿರ್ತಾರೆ, ಅವರ ಸರ್ವರನ್ನ ಇಪ್ಪತ್ತು ನಿಮಿಷಕ್ಕೊಮ್ಮೆ ತಟ್ಟೋದು ನನಗಂತೂ ಸರಿ ಅನ್ಸಲ್ಲ. ಏನೂ ಬದಲಾಗಿಲ್ಲ ಅಂದ್ರೆ ಸರ್ವರ್ 304 ಅಂತ ಚಿಕ್ಕ ಉತ್ತರ ಕೊಟ್ಟು ಮುಗಿಸುತ್ತೆ ನಿಜ, ಆದ್ರೆ ಎಲ್ಲಾ ಸೈಟಲ್ಲೂ ಅದು ನೆಟ್ಟಗೆ ಸೆಟ್ ಆಗಿರಲ್ಲ.

ಫೀಡ್ ಬರದೇ ಇದ್ದಾಗ

ಸಬ್‌ಸ್ಕ್ರಿಪ್ಶನ್ ಮ್ಯಾನೇಜ್‌ಮೆಂಟಲ್ಲಿ ತೊಂದರೆ ಇರೋ ಫೀಡಿನ ಪಕ್ಕ ಎಚ್ಚರಿಕೆ ಗುರುತು ಕಾಣುತ್ತೆ. ಕೂಡಲೇ ಫೀಡನ್ನ ಕಿತ್ತು ಹಾಕೋಕೆ ಹೋಗ್ಬೇಡಿ, ಲಾಗ್ಸ್ ಪೇಜ್ ತೆರೆದು ಕಾರಣ ಓದಿ. 404 ಅಂದ್ರೆ ವಿಳಾಸ ಬದಲಾಗಿದೆ, ಸೈಟಿನ ಮುಖಪುಟಕ್ಕೆ ಹೋಗಿ ಹೊಸ ಫೀಡ್ ಲಿಂಕ್ ಹುಡುಕಿ, ಹಳೇ ಫೀಡಿನ ಸೆಟ್ಟಿಂಗಲ್ಲೇ ವಿಳಾಸ ಬದಲಾಯಿಸಿ, ಆಗ ನಿಮ್ಮ ಹಳೇ ಲೇಖನ, ಫಿಲ್ಟರ್ ಎಲ್ಲಾ ಹಾಗೇ ಉಳಿಯುತ್ತೆ. 403 ಅಂದ್ರೆ ಸಾಮಾನ್ಯವಾಗಿ ಅವರು ನಿಮ್ಮ ರೀಡರನ್ನ ಬಾಟ್ (ತಾನಾಗೇ ಓಡೋ ಪ್ರೋಗ್ರಾಂ) ಅನ್ಕೊಂಡು ತಡೆದಿದಾರೆ. 429 ಅಂದ್ರೆ ನೀವೇ ಜಾಸ್ತಿ ಸಲ ಕೇಳ್ತಿದೀರಾ, ಮಿತಿ ದೊಡ್ಡದು ಮಾಡಿ. ಇನ್ನು ಎಕ್ಸ್‌ಎಂಎಲ್ ಸರಿಯಿಲ್ಲ ಅಂತ ಬಂದ್ರೆ ತಪ್ಪು ಅವರ ಕಡೆದು, ಆ ವಿಳಾಸವನ್ನ ಡಬ್ಲ್ಯೂ3ಸಿಯ ಫೀಡ್ ವ್ಯಾಲಿಡೇಟರಲ್ಲಿ ಹಾಕಿದ್ರೆ ಯಾವ ಸಾಲಲ್ಲಿ ಕೆಟ್ಟಿದೆ ಅಂತ ತೋರಿಸುತ್ತೆ, ಸೈಟಿನವರಿಗೆ ಒಂದು ಮೇಲ್ ಹಾಕಿ, ಬ್ಲಾಗಿನವರು ಬಹಳ ಸಲ ಖುಷಿಯಿಂದ ಸರಿ ಮಾಡ್ತಾರೆ. ಸದ್ಯಕ್ಕೆ ಬೇಡ ಅನ್ಸಿದ ಫೀಡನ್ನ ಮ್ಯೂಟ್ ಮಾಡ್ಬಹುದು, ಹಳೇದು ಇರುತ್ತೆ, ಹೊಸದು ತರಲ್ಲ.

ಫಿಲ್ಟರ್: ಮೊದಲು ಹುಡುಕಿ, ಆಮೇಲೆ ಬರೆಯಿರಿ

ಈಗ ಮುಖ್ಯ ವಿಷಯಕ್ಕೆ ಬರೋಣ. ಫ್ರೆಶ್‌ಆರ್‌ಎಸ್‌ಎಸ್ ಫಿಲ್ಟರ್ ಲೇಖನವನ್ನ ಅಳಿಸಲ್ಲ, ಬಂದ ಕೂಡಲೇ ಓದಿದ್ದು ಅಂತ ಮಾರ್ಕ್ ಮಾಡುತ್ತೆ. ಇದು ನನಗೆ ತುಂಬಾ ಇಷ್ಟವಾದ ಗುಣ, ಯಾಕಂದ್ರೆ ಫಿಲ್ಟರ್ ಏನೇನು ನುಂಗಿದೆ ಅಂತ ಯಾವಾಗ ಬೇಕಾದ್ರೂ ತೆರೆದು ನೋಡ್ಬಹುದು. ಮಿನಿಫ್ಲಕ್ಸ್ ಅನ್ನೋ ಇನ್ನೊಂದು ರೀಡರಿದೆ, ಗೋ ಭಾಷೆಯಲ್ಲಿ ಬರೆದಿದ್ದು, ಪೋಸ್ಟ್‌ಗ್ರೆಸ್ ಕಡ್ಡಾಯ, ತುಂಬಾ ಚುರುಕು, ಆದ್ರೆ ಅದರ ಬ್ಲಾಕ್ ರೂಲಿಗೆ ಸಿಕ್ಕಿದ ಲೇಖನ ಒಳಗೇ ಬರಲ್ಲ, ತಪ್ಪಾಗಿದ್ರೆ ಗೊತ್ತಾಗೋ ದಾರಿನೇ ಇಲ್ಲ.

ಫೀಡಿನ ಸೆಟ್ಟಿಂಗಲ್ಲಿ ಕೆಳಗೆ ಬಂದ್ರೆ ಫಿಲ್ಟರ್ ಆ್ಯಕ್ಷನ್ಸ್ ಅನ್ನೋ ಭಾಗ ಇದೆ, ಒಂದು ದೊಡ್ಡ ಬಾಕ್ಸು. ಸಾಲಿಗೊಂದು ಫಿಲ್ಟರ್, ಯಾವುದಾದ್ರೂ ಒಂದು ಸಾಲು ಹೊಂದಿದ್ರೂ ಸಾಕು ಮಾರ್ಕ್ ಆಗುತ್ತೆ. ಈಚಿನ ವರ್ಷನ್ನುಗಳಲ್ಲಿ ಇದೇ ಬಾಕ್ಸು ಕೆಟಗರಿಗೂ ಇದೆ, ಎಲ್ಲಾ ಫೀಡುಗಳಿಗೂ ಒಟ್ಟಿಗೆ ಅನ್ವಯಿಸೋ ಹಾಗೆ ರೀಡಿಂಗ್ ಪೇಜಲ್ಲೂ ಇದೆ. ನನ್ನ ಸಲಹೆ, ಆದಷ್ಟು ಫೀಡಿನ ಮಟ್ಟದಲ್ಲೇ ಬರೆಯಿರಿ. ಒಂದು ಪತ್ರಿಕೆಯಲ್ಲಿ ಕಸ ಅನ್ಸೋ ಪದ ಇನ್ನೊಂದು ಬ್ಲಾಗಲ್ಲಿ ಒಳ್ಳೇ ಲೇಖನದ ಹೆಡ್‌ಲೈನ್ ಆಗಿರ್ಬಹುದು.

ಬರೆಯೋ ವ್ಯಾಕರಣ ಮೇಲಿನ ಸರ್ಚ್ ಬಾಕ್ಸಿನದ್ದೇ. ಇಲ್ಲಿ ಓದೋಕೆ ಅನುಕೂಲ ಆಗ್ಲಿ ಅಂತ ಆಪರೇಟರ್ ಹೆಸರನ್ನ ಕನ್ನಡದಲ್ಲಿ ಬರೆದಿದೀನಿ, ನೀವು ಬಾಕ್ಸಲ್ಲಿ ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರದಲ್ಲಿ, ಒಂದೇ ಪದವಾಗಿ, ಕೋಲನ್ ಆದ ಮೇಲೆ ಜಾಗ ಬಿಡದೇ ಬರೆಯಿರಿ. ಇನ್‌ಟೈಟಲ್: ಅಂದ್ರೆ ಹೆಡ್‌ಲೈನಲ್ಲಿ ಮಾತ್ರ ಹುಡುಕು, ಇನ್‌ಯುಆರ್‌ಎಲ್: ಅಂದ್ರೆ ಲಿಂಕಲ್ಲಿ, ಆಥರ್: ಅಂದ್ರೆ ಬರೆದವರ ಹೆಸರಲ್ಲಿ, ಹ್ಯಾಶ್ ಗುರುತು ಹಾಕಿದ್ರೆ ಫೀಡಿನವರು ಕೊಟ್ಟ ಟ್ಯಾಗಲ್ಲಿ. ಏನೂ ಹಾಕದೇ ಬರೀ ಪದ ಬರೆದ್ರೆ ಹೆಡ್‌ಲೈನು, ಒಳಗಿನ ಬರಹ ಎರಡರಲ್ಲೂ ಹುಡುಕುತ್ತೆ, ಫಿಲ್ಟರಿಗೆ ಅದು ಅಪಾಯ, ಎಲ್ಲೋ ಕೊನೇ ಪ್ಯಾರಾದಲ್ಲಿ ಆ ಪದ ಬಂದ್ರೂ ಲೇಖನ ಹೋಯ್ತು. ಎರಡು ಪದ ಜಾಗ ಬಿಟ್ಟು ಬರೆದ್ರೆ ಎರಡೂ ಇರ್ಬೇಕು ಅಂತ. ಎರಡೂ ಅದೇ ಕ್ರಮದಲ್ಲಿ ಅಂಟಿಕೊಂಡೇ ಇರ್ಬೇಕು ಅಂದ್ರೆ ಡಬಲ್ ಕೋಟ್ ಹಾಕಿ. ಮುಂದೆ ಮೈನಸ್ ಇಟ್ರೆ ಅದು ಇರಬಾರದು ಅಂತ.

ಪ್ರತಿ ಸಾಲನ್ನೂ ಫಿಲ್ಟರಿಗೆ ಹಾಕೋ ಮೊದಲು ಆ ಫೀಡನ್ನ ತೆರೆದು, ಓದಿದ್ದೂ ಕಾಣೋ ಹಾಗೆ ಮಾಡ್ಕೊಂಡು, ಸರ್ಚ್ ಬಾಕ್ಸಲ್ಲಿ ಅದೇ ಸಾಲನ್ನ ಹಾಕಿ ನೋಡಿ. ಏನೇನು ಸಿಗುತ್ತೋ ಅದೆಲ್ಲಾ ಇನ್ಮೇಲೆ ನಿಮಗೆ ಕಾಣಲ್ಲ ಅಂತ ಅರ್ಥ. ಈ ಒಂದು ಅಭ್ಯಾಸ ಇಟ್ಕೊಳ್ಳದಿದ್ರೆ ಉಳಿದಿದ್ದೆಲ್ಲಾ ವ್ಯರ್ಥ ಅಂತನೇ ಹೇಳ್ತೀನಿ.

ಉದಾಹರಣೆ ನೋಡಿ. ರಾಶಿ ಭವಿಷ್ಯ ಬೇಡ ಅಂತ ಇನ್‌ಟೈಟಲ್:ರಾಶಿ ಅಂತ ಬರೆದ್ರಿ ಅನ್ಕೊಳ್ಳಿ. ಶಿವಮೊಗ್ಗ, ಚನ್ನಗಿರಿ, ಶಿರಸಿ ಕಡೆಯ ಅಡಿಕೆ ಬೆಳೆಗಾರರ ಮನೆಯಲ್ಲಿ ಈ ಫಿಲ್ಟರ್ ಹಾಕಿದ್ರೆ ಅನಾಹುತ, ಅಡಿಕೆ ಧಾರಣೆಯಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲು ಅಂತನೇ ಬರೋದು, ರಾಶಿ ಅಡಿಕೆಗೆ ರೇಟು ಏರಿದ ಸುದ್ದಿನೇ ಕಾಣೆಯಾಗುತ್ತೆ. ಕಸದ ರಾಶಿ ಸುದ್ದಿನೂ ಹೋಗುತ್ತೆ. ಸರಿ ಭವಿಷ್ಯ ಅಂತ ಹಾಕೋಣ ಅಂದ್ರೆ ಮಕ್ಕಳ ಭವಿಷ್ಯ, ಭವಿಷ್ಯ ನಿಧಿ ಎಲ್ಲಾ ಅದರಲ್ಲೇ ಸಿಕ್ಕಿಬೀಳುತ್ತೆ, ಪಿಎಫ್ ಬಡ್ಡಿ ಬದಲಾದ ಸುದ್ದಿ ನಿಮಗೆ ಬೇಕಾಗಿರ್ಬಹುದು. ಅದಕ್ಕೆ ಹೀಗೆ ಬರೆಯಿರಿ:

ಇನ್‌ಟೈಟಲ್:"ರಾಶಿ ಭವಿಷ್ಯ"
ಇನ್‌ಟೈಟಲ್:"ದಿನ ಭವಿಷ್ಯ"
ಇನ್‌ಟೈಟಲ್:"ವಾರ ಭವಿಷ್ಯ"

ಚಿನ್ನದ ರೇಟಿನ ಕಥೆನೂ ಇದೇ. ಬರೀ ಚಿನ್ನ ಅಂದ್ರೆ ಚಿನ್ನದ ಪದಕ ಗೆದ್ದವರ ಸುದ್ದಿ ಹೋಯ್ತು, ಚಿನ್ನಸ್ವಾಮಿ ಸ್ಟೇಡಿಯಮ್ಮೂ ಹೋಯ್ತು, ಯಾಕಂದ್ರೆ ಇದು ಪೂರ್ತಿ ಪದ ನೋಡಲ್ಲ, ಅಕ್ಷರಗಳು ಎಲ್ಲಿ ಸಿಕ್ಕಿದ್ರೂ ಹಿಡಿಯುತ್ತೆ. ಚಿನ್ನದ ಬೆಲೆ, ಚಿನ್ನದ ದರ, ಬಂಗಾರದ ಬೆಲೆ ಅಂತ ಕೋಟ್ ಹಾಕಿ ಮೂರು ಸಾಲು ಬರೆಯೋದೇ ಒಳ್ಳೇದು.

ಕನ್ನಡದ ಪದ ಹಿಡಿಯೋದು ಹೇಗೆ

ಅಕ್ಷರ ಎಲ್ಲಿ ಸಿಕ್ಕಿದ್ರೂ ಹಿಡಿಯೋ ಈ ಗುಣ ಕನ್ನಡಕ್ಕೆ ಲಾಭನೂ ಹೌದು. ನಮ್ಮಲ್ಲಿ ಪದಕ್ಕೆ ಪ್ರತ್ಯಯ ಅಂಟ್ಕೊಳ್ಳುತ್ತೆ, ಕ್ರಿಕೆಟ್, ಕ್ರಿಕೆಟಿಗ, ಕ್ರಿಕೆಟಿನ, ಕ್ರಿಕೆಟಿಗರು. ಕ್ರಿಕೆಟ್ ಅಂತ ಕೊನೆಗೆ ಅರ್ಧಾಕ್ಷರ ಇಟ್ಟು ಬರೆದ್ರೆ ಮೊದಲನೇದು ಮಾತ್ರ ಸಿಗುತ್ತೆ, ಕ್ರಿಕೆಟಿಗ ಸಿಗಲ್ಲ, ಯಾಕಂದ್ರೆ ಅಲ್ಲಿ ಟ ಆದ ಮೇಲೆ ಇರೋದು ಗುಡಿಸು, ಹಲಂತ (ಅರ್ಧಾಕ್ಷರ ಮಾಡೋ ಗುರುತು) ಅಲ್ಲ. ಹಲಂತ ತೆಗೆದು ಕ್ರಿಕೆಟ ಅಂತ ಬರೆಯಿರಿ, ಓದೋಕೆ ವಿಚಿತ್ರ, ಆದ್ರೆ ಯೂನಿಕೋಡಲ್ಲಿ ಹಲಂತ ಅನ್ನೋದು ಟ ಆದ ಮೇಲೆ ಬರೋ ಬೇರೆ ಸಂಕೇತ ಆಗಿರೋದ್ರಿಂದ ಎಲ್ಲಾ ರೂಪಗಳೂ ಬಲೆಗೆ ಬೀಳ್ತವೆ. ವ್ಯಂಜನದಲ್ಲಿ ಮುಗಿಯೋ ಎಲ್ಲಾ ಇಂಗ್ಲಿಷ್ ಪದಗಳಿಗೂ ಈ ಉಪಾಯ ನಡೆಯುತ್ತೆ, ಆದ್ರೆ ಪದ ಚಿಕ್ಕದಾದಷ್ಟೂ ಬೇರೆ ಪದದೊಳಗೆ ಹೊಕ್ಕೋ ಅಪಾಯ ಜಾಸ್ತಿ, ಸರ್ಚ್ ಮಾಡಿ ನೋಡದೇ ಹಾಕ್ಬೇಡಿ.

ಇನ್ನೊಂದು ಕಣ್ಣಿಗೆ ಕಾಣದ ತೊಂದರೆ. ಬಿಗ್‌ಬಾಸ್ ಅಂತ ಸೇರಿಸಿ ಬರೆಯುವಾಗ ಗ್ ಮತ್ತು ಬಾ ಒತ್ತಕ್ಷರ ಆಗದೇ ಇರ್ಲಿ ಅಂತ ನಡುವೆ ಅಗೋಚರ ಅಕ್ಷರ ಒಂದನ್ನ ಹಾಕ್ತಾರೆ, ಝಡ್‌ಡಬ್ಲ್ಯೂಎನ್‌ಜೆ ಅಂತ. ಒಂದು ಪತ್ರಿಕೆ ಅದನ್ನ ಹಾಕುತ್ತೆ, ಇನ್ನೊಂದು ಜಾಗ ಬಿಟ್ಟು ಬಿಗ್ ಬಾಸ್ ಅನ್ನುತ್ತೆ. ನಿಮ್ಮ ಫಿಲ್ಟರಲ್ಲಿ ಒಂದು ರೂಪ ಇದ್ರೆ ಇನ್ನೊಂದು ತಪ್ಪಿಸ್ಕೊಳ್ಳುತ್ತೆ. ಫ್ರೆಶ್‌ಆರ್‌ಎಸ್‌ಎಸ್ ರೆಗ್ಯುಲರ್ ಎಕ್ಸ್‌ಪ್ರೆಶನ್ನನ್ನೂ ತಗೊಳ್ಳುತ್ತೆ, ಅಂದ್ರೆ ನೇರ ಪದದ ಬದಲು ಪದದ ಮಾದರಿ ಬರೆಯೋ ವಿಧಾನ, ಎರಡು ಸ್ಲ್ಯಾಶಿನ ನಡುವೆ ಬರೆದ್ರೆ ಆಯ್ತು:

ಇನ್‌ಟೈಟಲ್:/ಬಿಗ್.*ಬಾಸ್/

ಡಾಟ್ ಸ್ಟಾರ್ ಅಂದ್ರೆ ನಡುವೆ ಏನಿದ್ರೂ ಸರಿ ಅಂತ. ಬಿಗ್ ಮತ್ತು ಬಾಸ್ ದೂರ ದೂರ ಇದ್ರೂ ಹಿಡಿಯುತ್ತೆ, ಈ ಪದಗಳ ಮಟ್ಟಿಗೆ ಅದರಿಂದ ನಷ್ಟ ಕಮ್ಮಿ. ಇನ್ನು ಕೊ, ಮೊ ತರದ ಒಕಾರದ ಅಕ್ಷರಗಳನ್ನ ಯೂನಿಕೋಡಲ್ಲಿ ಒಂದೇ ಸಂಕೇತವಾಗೂ ಬರೆಯಬಹುದು, ಎರಡು ತುಂಡಾಗೂ ಬರೆಯಬಹುದು, ನೋಡೋಕೆ ಎರಡೂ ಒಂದೇ. ನೀವು ಸರಿಯಾಗೇ ಟೈಪ್ ಮಾಡಿದ್ರೂ ಸರ್ಚಲ್ಲಿ ಸಿಗ್ತಿಲ್ಲ ಅಂದ್ರೆ, ಕಾಣ್ತಿರೋ ಹೆಡ್‌ಲೈನಿಂದಲೇ ಆ ಪದ ಕಾಪಿ ಮಾಡಿ ಅಂಟಿಸಿ.

ಇದಕ್ಕೆಲ್ಲಾ ಮೀರಿದ ಸುಲಭ ದಾರಿ ಒಂದಿದೆ, ಲಿಂಕ್ ನೋಡೋದು. ಎಷ್ಟೋ ಕನ್ನಡ ಸುದ್ದಿ ಸೈಟುಗಳ ಲಿಂಕಲ್ಲಿ ವಿಭಾಗದ ಹೆಸರು ಇಂಗ್ಲಿಷಲ್ಲೇ ಇರುತ್ತೆ, ಅಸ್ಟ್ರಾಲಜಿ, ಸ್ಪೋರ್ಟ್ಸ್, ಎಂಟರ್ಟೈನ್ಮೆಂಟ್ ಅಂತ. ಹೆಡ್‌ಲೈನಲ್ಲಿ ಏನೇ ಬರೆದಿರ್ಲಿ, ಲಿಂಕಲ್ಲಿ ಅದು ಬದಲಾಗಲ್ಲ. ಒಂದು ಜ್ಯೋತಿಷ್ಯ ಲೇಖನದ ಲಿಂಕ್ ನೋಡಿ, ಆ ವಿಭಾಗದ ಹೆಸರನ್ನ ಎರಡೂ ಕಡೆ ಸ್ಲ್ಯಾಶ್ ಸಮೇತ ಕೋಟಿನೊಳಗೆ ಹಾಕಿ ಇನ್‌ಯುಆರ್‌ಎಲ್: ಮುಂದೆ ಬರೆಯಿರಿ, ಮೇಲಿನ ಭವಿಷ್ಯದ ಮೂರು ಸಾಲಿನ ಕೆಲಸ ಇದೊಂದರಲ್ಲೇ ಮುಗಿಯುತ್ತೆ.

ಇನ್ನೂ ಒಳ್ಳೇದು ಅಂದ್ರೆ ಬೇಕಾದ್ದನ್ನ ಮಾತ್ರ ಮೂಲದಲ್ಲೇ ಕೇಳೋದು. ವರ್ಡ್‌ಪ್ರೆಸ್ ಸೈಟಲ್ಲಿ ಯಾವುದೇ ಕೆಟಗರಿ ಪೇಜಿನ ವಿಳಾಸದ ಕೊನೆಗೆ ಸ್ಲ್ಯಾಶ್ ಫೀಡ್ ಅಂತ ಸೇರಿಸಿದ್ರೆ ಆ ಕೆಟಗರಿದು ಮಾತ್ರ ಬರುತ್ತೆ. ಬ್ಲಾಗರಲ್ಲೂ ಲೇಬಲ್ಲಿಗೆ ಬೇರೆ ಫೀಡ್ ಇದೆ. ಪತ್ರಿಕೆಯ ಜಿಲ್ಲಾ ಸುದ್ದಿ ಮಾತ್ರ ಬೇಕು ಅನ್ನೋರು ಮೊದಲು ಇದನ್ನ ಪ್ರಯತ್ನಿಸಿ, ಫಿಲ್ಟರೇ ಬೇಕಾಗದೇ ಇರ್ಬಹುದು, ಜೊತೆಗೆ ಆ 10 ಲೇಖನದ ಮಿತಿಯ ತೊಂದರೆನೂ ಕಮ್ಮಿಯಾಗುತ್ತೆ.

ಬೇಕಾದ್ದನ್ನ ಮೇಲೆ ತರೋದು

ಬೇಡದ್ದನ್ನ ತೆಗೆದಷ್ಟೇ ಮುಖ್ಯ ಇದು. ದಿನಾ ಹುಡುಕೋ ವಿಷಯವನ್ನ, ಉದಾಹರಣೆಗೆ ಇನ್‌ಟೈಟಲ್:ಅಡಿಕೆ, ಸರ್ಚ್ ಮಾಡಿ ಯೂಸರ್ ಕ್ವೆರಿ ಆಗಿ ಸೇವ್ ಮಾಡ್ಕೊಳ್ಳಿ, ಎಲ್ಲಾ ಪತ್ರಿಕೆಯ ಅಡಿಕೆ ಸುದ್ದಿ ಒಂದೇ ಕ್ಲಿಕ್ಕಲ್ಲಿ. ಫಿಲ್ಟರ್ ನುಂಗಿದ್ದನ್ನ ಆಗಾಗ ನೋಡೋಕೂ ಒಂದು ಕ್ವೆರಿ ಇಟ್ಕೊಳ್ಳಿ. ಹೊಸ ವರ್ಷನ್ನುಗಳಲ್ಲಿ ಲೇಬಲ್ಲಿಗೂ ಫಿಲ್ಟರ್ ಕೊಡ್ಬಹುದು, ಬಂದ ಲೇಖನಕ್ಕೆ ತಾನಾಗೇ ಲೇಬಲ್ ಬೀಳುತ್ತೆ. ಗಲಾಟೆ ಫೀಡುಗಳನ್ನ ಮುಖ್ಯ ಪಟ್ಟಿಯಲ್ಲಿ ಕಾಣದ ಹಾಗೆ, ಅದರ ಕೆಟಗರಿಯಲ್ಲಿ ಮಾತ್ರ ಕಾಣೋ ಹಾಗೆ ಮಾಡೋ ಆಯ್ಕೆ ಪ್ರತಿ ಫೀಡಲ್ಲೂ ಇದೆ, ಅಪರೂಪಕ್ಕೆ ಬರೆಯೋ ಒಳ್ಳೇ ಬ್ಲಾಗುಗಳು ಆಗ ಸುದ್ದಿ ಪ್ರವಾಹದಲ್ಲಿ ಮುಳುಗಲ್ಲ.

ಕೆಲವು ಪತ್ರಿಕೆಗಳು ಹೆಡ್‌ಲೈನ್ ತಿದ್ದಿದಾಗೆಲ್ಲ ಅದೇ ಲೇಖನ ಮತ್ತೆ ಓದದ ಪಟ್ಟಿಗೆ ಬರುತ್ತೆ. ಅಪ್ಡೇಟ್ ಆದ ಲೇಖನವನ್ನ ಓದದ್ದು ಅಂತ ಮಾಡೋ ಆಯ್ಕೆಯನ್ನ ಅಂಥ ಫೀಡಿಗೆ ಆಫ್ ಮಾಡಿ. ಅದೇ ಹೆಡ್‌ಲೈನ್ ಈಗಾಗಲೇ ಇದ್ರೆ ಓದಿದ್ದು ಅಂತ ಮಾಡೋ ಸೆಟ್ಟಿಂಗೂ ಇದೆ, ಒಂದೇ ಪತ್ರಿಕೆಯೊಳಗಿನ ನಕಲಿಗೆ ಚೆನ್ನಾಗಿ ಕೆಲಸ ಮಾಡುತ್ತೆ. ಫೀಡಲ್ಲಿ ಎರಡೇ ಸಾಲು ಬರೋ ಸೈಟಿಗೆ ಮೂಲ ಪೇಜಿನ ಸಿಎಸ್‌ಎಸ್ ಸೆಲೆಕ್ಟರ್ (ಪೇಜಲ್ಲಿ ಲೇಖನ ಇರೋ ಭಾಗವನ್ನ ಗುರುತಿಸೋ ಸಂಕೇತ) ಕೊಟ್ರೆ ಪೂರ್ತಿ ಲೇಖನ ತರುತ್ತೆ, ಆದ್ರೆ ಹೊಸ ಲೇಖನ ಒಂದೊಂದಕ್ಕೂ ಒಂದು ಪೇಜ್ ತೆರೆಯುತ್ತೆ, ನಿಜವಾಗ್ಲೂ ಓದೋ ಫೀಡಿಗೆ ಮಾತ್ರ ಹಾಕಿ.

ಉಳಿದ ಕೆಲಸ

ಫೋನಲ್ಲಿ ಓದೋಕೆ ಅಥೆಂಟಿಕೇಶನಲ್ಲಿ ಎಪಿಐ (ಫೋನಿನ ಆ್ಯಪ್ ನಿಮ್ಮ ಸರ್ವರ್ ಜೊತೆ ಮಾತಾಡೋ ದಾರಿ) ಆನ್ ಮಾಡಿ, ಪ್ರೊಫೈಲಲ್ಲಿ ಎಪಿಐಗೇ ಬೇರೆ ಪಾಸ್‌ವರ್ಡ್ ಇಡಿ. ಐಫೋನಿಗೆ ನೆಟ್‌ನ್ಯೂಸ್‌ವೈರ್, ಆಂಡ್ರಾಯ್ಡಿಗೆ ಕ್ಯಾಪಿ ರೀಡರ್ ಅಥವಾ ರೀಡ್ರಾಪ್ಸ್ ನೋಡಿ. ಫಿಲ್ಟರ್ ಸರ್ವರಲ್ಲೇ ಓಡೋದ್ರಿಂದ ಫೋನಲ್ಲಿ ಮತ್ತೆ ಏನೂ ಬರೆಯೋದು ಬೇಡ.

ಆರ್ಕೈವಿಂಗಲ್ಲಿ ಎಷ್ಟು ದಿನ ಇಟ್ಕೋಬೇಕು ಅಂತ ಹೇಳಿ, ಸ್ಟಾರ್ ಹಾಕಿದ್ದು, ಲೇಬಲ್ ಹಾಕಿದ್ದು ಎಂದೂ ಅಳಿಸ್ಬೇಡ ಅನ್ನೋ ಎರಡು ಟಿಕ್ ಇದೆಯಾ ನೋಡ್ಕೊಳ್ಳಿ. ದಿನಪತ್ರಿಕೆಗೆ ಮೂರು ತಿಂಗಳು ಸಾಕು, ಬ್ಲಾಗುಗಳನ್ನ ಅಳಿಸಲೇ ಬೇಡಿ, ಕನ್ನಡದ ಎಷ್ಟೋ ಒಳ್ಳೇ ಬ್ಲಾಗುಗಳು ಡೊಮೈನ್ ರಿನ್ಯೂ ಆಗದೇ ಮಾಯವಾಗಿವೆ, ನಿಮ್ಮ ಡೇಟಾಬೇಸಲ್ಲಿ ಇರೋ ಪ್ರತಿಯೇ ಆಗ ಉಳಿಯೋದು.

ಬ್ಯಾಕಪ್ಪಿಗೆ ಒಪಿಎಂಎಲ್ (ಫೀಡ್ ಪಟ್ಟಿಯ ಫೈಲು) ಎಕ್ಸ್‌ಪೋರ್ಟ್ ಮಾಡಿಟ್ಕೊಳ್ಳಿ, ಫ್ರೆಶ್‌ಆರ್‌ಎಸ್‌ಎಸ್‌ದಾದ್ರೆ ಅದರಲ್ಲಿ ಫೀಡ್ ಪಟ್ಟಿ ಜೊತೆಗೆ ಫೀಡಿನ ಫಿಲ್ಟರುಗಳೂ ಹೋಗ್ತವೆ, ಲೇಖನಗಳು ಹೋಗಲ್ಲ, ಅವು ಬೇಕಾದ್ರೆ ಡೇಟಾ ಫೋಲ್ಡರನ್ನೇ ಕಾಪಿ ಮಾಡ್ಬೇಕು. ಪೋಸ್ಟ್‌ಗ್ರೆಸ್ ಅಥವಾ ಮಾರಿಯಾಡಿಬಿ ಇದ್ರೆ ಅದರ ಡಂಪನ್ನೂ (ಡೇಟಾಬೇಸಿನ ಪೂರ್ತಿ ನಕಲು) ತಗೊಳ್ಳಿ. ಹೊಸ ವರ್ಷನ್ ಹಾಕೋ ಮೊದಲು ಇದನ್ನ ಮುಗಿಸಿ, ಆಮೇಲೆ ಹೊಸ ಇಮೇಜ್ ಎಳೆದು ಕಂಟೇನರ್ ಎಬ್ಬಿಸಿ, ಮುಂದಿನ ಕ್ರಾನ್ ಓಡಿದ ಮೇಲೆ ಲಾಗ್ಸ್ ಪೇಜಲ್ಲಿ ಎರರ್ ಇಲ್ಲದೇ ಹೋದ್ರೆ, ಹಳೇ ಇಮೇಜ್ ಅಳಿಸ್ಬಹುದು.